ಬೆನ್ನ ಮೇಲಿನ ಹೊಲಿಗೆ

ಮಗಳ ಕರಿಕೋಟನ್ನು ತಾನೇ ಹೊಲಿಯುವುದಾಗಿ ದುರುಗಮ್ಮ ಮಾನ್ವಿಯ ಓಣಿಗೆಲ್ಲ ಹೇಳಿಯಾಗಿತ್ತು. ಮಸರಕಲ್‌ನಿಂದ ಬಂದ ಅವರ ಕೂಲಿ ಮನೆತನದಲ್ಲಿ ಮಗಳು ವಿಶಾಖಾಳೇ ಮೊದಲ ವಕೀಲೆ. ಸೋಮವಾರ ದೇವದುರ್ಗದ ಕೋರ್ಟಿನಲ್ಲಿ ಅವಳ ಮೊದಲ ದಿನ. ಇಪ್ಪತ್ತು ವರ್ಷ ಬ್ಲೌಸ್ ಹೊಲಿದ ಕೈಗೆ ಕೋಟು ಹೊಸದು. ಹಳೆಯ ಕೋಟೊಂದರ ಹೊಲಿಗೆ ಬಿಚ್ಚಿ ಹರವಿ, ನೋಡಿ ನೋಡಿ ಕಲಿತಿದ್ದಳು.

ಶನಿವಾರ ಅಂಗಡಿಯಲ್ಲಿ ಬಟ್ಟೆ ಹಾಸಿದ್ದೇ ತಡ, ಗಿರಾಕಿಗಳು ಬರತೊಡಗಿದರು. ಒಬ್ಬರಿಗೆ ತೋಳು ಬಿಗಿ, ಇನ್ನೊಬ್ಬರಿಗೆ ಸಂಜೆಯೇ ಮದುವೆ. ಬ್ಲೌಸ್ ಕೆಲಸ ಸಲೀಸು. ಯಾರನ್ನೂ ವಾಪಸು ಕಳಿಸಲಿಲ್ಲ. ಆದರೆ ಕೋಟಿಗೆ ಮರಳಿದಾಗೆಲ್ಲ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮೊದಲಿನಿಂದ ನೆನೆಯಬೇಕಿತ್ತು. ಮದುವೆಯ ಬ್ಲೌಸ್ ಕೊಟ್ಟು ಬಂದು ಕತ್ತರಿ ಹಿಡಿದಳು. ಕೈ ತನ್ನ ರೂಢಿಯ ದಾರಿ ಹಿಡಿಯಿತು. ತಲೆ ಎಚ್ಚೆತ್ತಾಗ ಕೋಟಿನ ಬೆನ್ನಿಗೆ ಬ್ಲೌಸಿನ ಆಳವಾದ ಕೊರಳು ಬಿದ್ದಿತ್ತು.

ವಿಶಾಖಾ ನೋಡಿ ನಕ್ಕೇಬಿಟ್ಟಳು. "ಯವ್ವಾ, ಜಡ್ಜ್ ಸಾಹೇಬ್ರ ಮುಂದ ಹಿಂಗ ನಿಂದರ್ಲೇನು? ಬಿಡು, ರಾಯಚೂರಾಗ ರೆಡಿಮೇಡ್ ಸಿಗ್ತಾವ."

"ತಂದು ನೋಡು, ಮನಿಯಾಗ ಕಾಲಿಡಾಕ ಬಿಡಂಗಿಲ್ಲ."

ಇಡೀ ಬೆನ್ನಿಗೆ ಉಳಿದ ಬಟ್ಟೆ ಸಾಲದು. ಕೆಟ್ಟ ಭಾಗವನ್ನು ಅಡ್ಡಲಾಗಿ ಕತ್ತರಿಸಿ, ಭುಜಕ್ಕೆ ಹೊಸ ತುಂಡು ಕೂಡಿಸಬೇಕು.

"ಜೋಡಣಿ ಕಾಣ್ತದಲ್ಲ?" ಎಂದಳು ವಿಶಾಖಾ.

"ಕಾಣ್ಲಿ. ಸೊಟ್ಟ ಕಾಣಬಾರ್ದು."

ಅಷ್ಟರಲ್ಲಿ ಭಾಗೀರಥಿಬಾಯಿ ಬಂದರು. ವಿಶಾಖಾಳಿಗೆ ಶಾಲೆಯಲ್ಲಿ ಪಾಠ ಹೇಳಿದವರು. "ದುರುಗಮ್ಮಾ, ಬ್ಲೌಸಿನ ಹುಕ್ಕ ಕಿತ್ತದ ನೋಡು. ಐದು ನಿಮಿಷದ ಕೆಲಸ."

"ಹುಕ್ಕ ಹಚ್ಚಾಕ ಐದು ನಿಮಿಷ ಖರೇರಿ ಬಾಯಾರ. ಮತ್ತ ಕೋಟಿಗೆ ವಾಪಸ್ ಬರಾಕ ನನಗ ಅರ್ಧ ತಾಸು ಬೇಕು. ಸೋಮವಾರ ಹಚ್ಚಿ ಕೊಡ್ತೀನಿ."

"ಅಲ್ಲೀತನಕ ನಾ ಏನು ಮಾಡ್ಲಿ?"

"ಪಿನ್ನು ಹಚ್ಚಿಕೊಳ್ರಿ."

ದುರುಗಮ್ಮ ಗಿರಾಕಿಗೆ ಇಲ್ಲವೆಂದದ್ದು ಅದೇ ಮೊದಲು. ಬಾಯಿಯವರು ಸೆರಗು ಎಳೆದುಕೊಂಡು ಹೋದರು. ದುರುಗಮ್ಮ ಶಟರ್ ಅರ್ಧ ಎಳೆದು, ಭಾನುವಾರ ಸಂಜೆಯವರೆಗೆ ಕೋಟನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಭಾಗೀರಥಿಬಾಯಿಯೂ ಬಂದಿದ್ದರು, ಶಿಷ್ಯೆಯನ್ನು ಕಳಿಸಲಿಕ್ಕೆ. ವಿಶಾಖಾಳನ್ನು ಹಿಂದಕ್ಕೆ ತಿರುಗಿಸಿ, ಭುಜದಿಂದ ಭುಜಕ್ಕೆ ಹಾಯ್ದ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇದೇನು, ಹೊಸ ಫ್ಯಾಶನ್ನೇನು?"

"ಅಲ್ರೀ, ತಪ್ಪಿ ಕತ್ತರಿಸಿದ್ದೆ," ಎಂದಳು ದುರುಗಮ್ಮ, ತಲೆಯೆತ್ತಿಯೇ.

"ದಾರ ಹಿಡಿದಂಗ ನೆಟ್ಟಗದ."

ದೇವದುರ್ಗದ ಬಸ್ಸು ಬಂತು. ವಿಶಾಖಾ ಮೆಟ್ಟಿಲೇರಿದಳು. ಅವಳ ಬೆನ್ನಿನ ಮೇಲೆ ಆ ಗೆರೆ ಎಲ್ಲೂ ಬಾಗದೆ ಒಳಗೆ ಹೋಯಿತು.

"ನನ್ನ ಹುಕ್ಕ?" ಎಂದರು ಬಾಯಿಯವರು.

"ಬರ್ರಿ, ಈಗ ಹಚ್ತೀನಿ."