ಬಿಳಿ ಚಾದರದೊಳಗೆ ಮರಿಲಿಂಗಮ್ಮ

ಶಹಾಪುರದ ಹೊರಗಿನ ಹತ್ತಿ ಮಿಲ್ಲಿನಲ್ಲಿ ಗುರುವಾರ ಬೆಂಕಿ ಬೀಳುತ್ತದೆ ಎಂದು ಸೂಪರ್‌ವೈಜರ್ ಸಂಗಣ್ಣ ಸೋಮವಾರವೇ ಎಲ್ಲರಿಗೂ ಹೇಳಿಬಿಟ್ಟಿದ್ದ.

"ಗುರುವಾರ ಬ್ಯಾಡ್ರಿ, ನಂದು ಒಪ್ಪೊತ್ತು ಇರತದ. ಶುಕ್ರವಾರ ಬೀಳಿಸ್ರಿ," ಎಂದಳು ಹತ್ತಿ ಆರಿಸುವ ಹೆಂಗಸರಲ್ಲಿ ಒಬ್ಬಳು.

ಸಂಗಣ್ಣ ತಲೆ ಚಚ್ಚಿಕೊಂಡ. ಇದು ಖರೇ ಬೆಂಕಿಯಲ್ಲ, ಖರೇ ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದರ ರಿಹರ್ಸಲ್, ನೋಡಲು ಯಾದಗಿರಿಯಿಂದ ಅಗ್ನಿಶಾಮಕ ಇಲಾಖೆಯ ಸಾಹೇಬರು ಬರುತ್ತಾರೆ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದ. ಸೈರನ್ ಆದಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಲ್ಲಬೇಕು. ಹೊಗೆ ಕುಡಿದು ಒಬ್ಬರು ಎಚ್ಚರ ತಪ್ಪಿ ಬಿದ್ದಿರಬೇಕು. ಅವರನ್ನು ಹಮಾಲರು ಸ್ಟ್ರೆಚರಿನ ಮೇಲೆ ಹಾಕಿ ಹೊತ್ತು ತಂದು ಟೆಂಪೋದೊಳಗೆ ಮಲಗಿಸಬೇಕು.

"ಈಗ ಹೇಳ್ರಿ, ಬೀಳಾವ್ರು ಯಾರು?"

ಹತ್ತಿಯ ರಾಶಿಯ ಮುಂದೆ ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ಹತ್ತಿ ಆರಿಸುವುದರಲ್ಲಿ ಮುಳುಗಿದರು. ಮಲಗಿಸಿ ಹೊರುವುದೆಂದರೆ ಏನು ಲಕ್ಷಣ ಅದು? ಮದೀನಾಬೀಯನ್ನು ನೋಡಿದರೆ, "ಮುಂದಿನ ತಿಂಗಳ ನನ್ನ ಮಗನ ನಿಕಾ ಅದ ಅಣ್ಣ, ಬೀಗರು ಕೇಳಿದ್ರ ಏನು ತಿಳಕೋತಾರ?" ಎಂದಳು.

ಆಗ ಲಾಲಮ್ಮ ಹತ್ತಿಯಿಂದ ಕಣ್ಣೆತ್ತದೆ ಅಂದಳು: "ಮದೀನಾಬೀ, ಕೆಲವರಿಗಿ ಕೆಲಸದಾಗ ಮಲಗೂ ರೂಢಿ ಹೆಂಗೂ ಅದ. ಅವರಿಗೇ ಕೇಳ್ರಿ ಅಂತ ಹೇಳು."

ಮರಿಲಿಂಗಮ್ಮನಿಗೆ ಅದು ತನಗೇ ಬಂದ ಮಾತೆಂದು ಗೊತ್ತಾಯಿತು. "ಮದೀನಾಬೀ, ಮಲಗತಾಳಂತ ಹೇಳು. ಮಣ್ಣಿಗಿ ಬರಲಾರದವರಕಿಂತ ಮಲಗಾವ್ರೇ ಛಲೋ ಅಂತನೂ ಹೇಳು."

"ನಾ ಏನು ಟಪಾಲು ಡಬ್ಬಿ ಏನವ್ವ?" ಎಂದಳು ನಡುವೆ ಕೂತಿದ್ದ ಮದೀನಾಬೀ.

ಶ್ರಾವಣದಿಂದ ಆಕೆಯ ಗತಿ ಇದೇ ಆಗಿತ್ತು. ಮೂವರೂ ದೋರನಹಳ್ಳಿಯವರು. ಒಂದೇ ಟಂಟಂ ಆಟೋದಲ್ಲಿ ಬರುವವರು. ಮೊದಲೆಲ್ಲ ಮರಿಲಿಂಗಮ್ಮ, ಲಾಲಮ್ಮ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಈಗ ಒಬ್ಬಳು ಈ ಕಡೆ ಹೊಲ ನೋಡಿದರೆ ಇನ್ನೊಬ್ಬಳು ಆ ಕಡೆ ಹೊಲ ನೋಡುತ್ತಿದ್ದಳು.

ಲಾಲಮ್ಮ ಅಳುವುದಕ್ಕೆ ಹೆಸರಾದವಳು. ಸತ್ತವರ ಮನೆಗೆ ಹೋಗಿ ಆಕೆ ಸೆರಗು ಬಾಯಿಗಿಟ್ಟು ರಾಗ ಎತ್ತಿದಳೆಂದರೆ, ಸತ್ತವರ ಬಾಳೆಲ್ಲ ಹಾಡಿನಲ್ಲಿ ಬರುತ್ತಿತ್ತು. ಅವರು ಕಟ್ಟಿದ ಮನೆ, ಸಾಕಿದ ಆಕಳು, ಸೊಸೆಗೆ ಕೊಟ್ಟ ಕಾಟ, ಯಾವುದನ್ನೂ ಬಿಡುತ್ತಿರಲಿಲ್ಲ. ಅಳುವಾಗ ಆಡಿದ ಮಾತಿಗೆ ಯಾರೂ ಜಗಳ ತೆಗೆಯುವಂತಿಲ್ಲ. ಮರಿಲಿಂಗಮ್ಮನ ತಾಯಿ ಅದನ್ನು ಕೇಳಿ ಕೇಳಿ, "ನಾ ಸತ್ತಾಗ ಮತ್ತೇನೂ ಬ್ಯಾಡ, ಲಾಲಮ್ಮ ಬಂದು ಅತ್ರ ಸಾಕು," ಎನ್ನುತ್ತಿದ್ದಳು. ಶ್ರಾವಣದಲ್ಲಿ ಆಕೆ ಮರಿಲಿಂಗಮ್ಮನ ತವರೂರಿನಲ್ಲಿ ತೀರಿಕೊಂಡಳು. ಸುದ್ದಿ ಮುಟ್ಟಿದರೂ ಲಾಲಮ್ಮ ಬರಲಿಲ್ಲ. ರಾಗ ಬಾರದ ಹೆಂಗಸರು ಬರೀ ಗದ್ದಲ ಮಾಡಿ ಮುದುಕಿಯನ್ನು ಮಣ್ಣಿಗೆ ಕಳಿಸಿದರು. ಮೂರನೆಯ ದಿನ ಲಾಲಮ್ಮ ಬಾಗಿಲಿಗೆ ಬಂದಾಗ ಮರಿಲಿಂಗಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು. ಲಾಲಮ್ಮ ಹೊಸ್ತಿಲಲ್ಲಿ ನಿಂತು ನಿಂತು ಹೋದಳು. ಅವತ್ತು ಯಾಕೆ ಬರಲಿಲ್ಲ ಎಂಬ ಒಂದು ಮಾತು ಆಗಿನಿಂದ ಮರಿಲಿಂಗಮ್ಮನ ಗಂಟಲಲ್ಲಿ ರೊಟ್ಟಿ ತುಣುಕಿನಂತೆ ಕೂತಿತ್ತು. ಕೇಳಿದರೆ ತಾನು ಸೋತಂತೆ.

ಗುರುವಾರ ಸಾಹೇಬರು ಬಂದರು. ಇಸ್ತ್ರಿ ಅಂಗಿ ಹಾಕಿದ್ದ ಸಂಗಣ್ಣ ಎಲ್ಲರಿಗೂ ಕಡೆಯ ಮಾತು ಹೇಳಿದ. "ಯಾರೂ ನಗಬಾರದು. ಖರೇನೇ ಆಗ್ಯಾದ ಅಂತ ತಿಳಕೊಂಡು ಮಾಡ್ರಿ. ಲಾಲಮ್ಮಕ್ಕ, ನಿನ್ನ ದನಿ ದೊಡ್ಡದದ, ನೀ ಬೆಂಕಿ ಬೆಂಕಿ ಅಂತ ಒದರು. ಮರಿಲಿಂಗಮ್ಮ, ಟೆಂಪೋದಾಗ ಹಾಕೂತನಕ ನೀ ಅಲಗಾಡಬಾರದು, ಮಾತಾಡಬಾರದು. ಅಲಗಾಡಿದಿ ಅಂದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ. ಊಟ ಆಮ್ಯಾಲೇ."

ಒದ್ದೆ ಗೋಣಿಚೀಲಕ್ಕೆ ಕಿಡಿ ಹಚ್ಚಿದ್ದಾಯಿತು. ಹೊಗೆ ಎದ್ದಿತು. ಸೈರನ್ ಕೂಗಿತು. ಲಾಲಮ್ಮ ಒದರಿದಳು. ಹೆಂಗಸರು ಎದ್ದರು, ಮೊದಲು ತಮ್ಮ ತಮ್ಮ ಬುತ್ತಿಗಂಟು ಹುಡುಕಿದರು. ಬಾಗಿಲವರೆಗೆ ಬಂದವಳೊಬ್ಬಳು ಚಪ್ಪಲಿಗಾಗಿ ಹೊಳ್ಳಿ ಒಳಗೆ ಹೋದಳು. ಮದೀನಾಬೀ ತನ್ನ ಚೀಲ ಒಳಗೇ ಬಿಟ್ಟು ಬೇರೆಯವರ ಚೀಲ ತಂದಿದ್ದೇನೆಂದು ಮತ್ತೆ ಒಳಗೆ ಹೋದಳು. ಬೇವಿನ ಮರದ ಕೆಳಗೆ ಸಾಹೇಬರು ಒಬ್ಬರೇ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಸಂಗಣ್ಣನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು.

ಒಳಗೆ ಮರಿಲಿಂಗಮ್ಮ ಹೇಳಿದಂತೆ ಬಿದ್ದಿದ್ದಳು. ಹಮಾಲರು ಸ್ಟ್ರೆಚರಿನ ಮೇಲೆ ಎತ್ತಿ ಹಾಕಿದರು. ಸಾಹೇಬರ ಎದುರಿಗೆ ಕೊಳಕು ಕಾಣಬಾರದೆಂದು ಸಂಗಣ್ಣ ಅಂಗಡಿಯಿಂದ ಹೊಸ ಬಿಳಿ ಚಾದರ ತಂದಿದ್ದ. ಅದನ್ನು ಮೈಮೇಲೆ ಹೊದಿಸಿದರು. ಇಷ್ಟೊಂದು ಗಂಡಸರ ಮುಂದೆ ಅಂಗಾತ ಮಲಗಿ ಮುಖ ತೋರಿಸುವುದು ಹೇಗೆ ಎಂದು ಮರಿಲಿಂಗಮ್ಮ ತಾನೇ ಚಾದರವನ್ನು ಮುಖದ ಮೇಲೂ ಎಳೆದುಕೊಂಡಳು. ಹಮಾಲರಿಗೆ ಭಾರವನ್ನು ಕೈಯಲ್ಲಿ ಹಿಡಿದು ಗೊತ್ತಿಲ್ಲ. ಹೆಗಲಿಗೇರಿಸಿಕೊಂಡು ಹೊರಟರು.

ಬಿಸಿಲಿಗೆ ಬಂದದ್ದು ಚಾದರದೊಳಗೂ ತಿಳಿಯಿತು. ಆಮೇಲೆ ಯಾಕೋ ಎಲ್ಲ ಸಪ್ಪಳ ನಿಂತಿತು. ಆಮೇಲೆ ಆ ದನಿ ಎದ್ದಿತು.

"ಎದ್ದೊಂದು ಮಾತಾಡ ನನ ಗೆಳತಿ, ಮಾತು ಬಿಟ್ಟು ಮಲಗಿದ್ಯಲ್ಲ... ಟಂಟಂನಾಗ ನಿನ ಜಾಗ ಖಾಲಿ ಮಾಡಿ ಹೊಂಟ್ಯಲ್ಲ..."

ಹೆಗಲು, ಬಿಳಿ ಚಾದರ, ಮುಚ್ಚಿದ ಮುಖ. ಇಷ್ಟು ಕಂಡ ಮೇಲೆ ಲಾಲಮ್ಮನ ಗಂಟಲು ಆಕೆಯ ಮಾತು ಕೇಳುವಂಥದ್ದಲ್ಲ. ಖರೇನೇ ಆಗ್ಯಾದ ಅಂತ ಬೇರೆ ಹೇಳಿದ್ದಾರೆ.

"ದಪ್ಪ ರೊಟ್ಟಿ ಬಡಿಯಾಕಿ, ದೊಡ್ಡ ಮನಸಿನಾಕಿ..."

ಚಾದರದೊಳಗೆ ಮರಿಲಿಂಗಮ್ಮನ ಕಾಲ ಹೆಬ್ಬೆರಳು ಎದ್ದು ನಿಂತಿತು. ದಪ್ಪ? ತನ್ನ ರೊಟ್ಟಿ? ಅದೇ ರೊಟ್ಟಿಯನ್ನು ವರ್ಷಗಟ್ಟಲೆ ತಿಂದವಳ ಬಾಯಲ್ಲಿ? ಅಲಗಾಡಬಾರದು ಎಂದು ಹಲ್ಲು ಕಚ್ಚಿದಳು.

"ಸಿಟ್ಟು ಮೂಗಿನ ಮ್ಯಾಲ, ಅತ್ತಿ ಮಾತು ಕೇಳಲಿಲ್ಲ, ಗಂಡನ ಮಾತು ಕೇಳಲಿಲ್ಲ, ನನ ಮಾತರ ಕೇಳಬೇಕಿತ್ತಲ್ಲ ನನ ಗೆಳತಿ..."

ಒಳಗೆ ಚಪ್ಪಲಿ ಹುಡುಕುತ್ತಿದ್ದವಳು ಬರಿಗಾಲಲ್ಲಿ ಓಡಿಬಂದಳು. ಬುತ್ತಿ ಬಿಟ್ಟರು, ಚೀಲ ಬಿಟ್ಟರು. ಜಿನ್ನಿಂಗ್ ಯಂತ್ರದ ಹಿಂದೆ ಬೀಡಿ ಸೇದುತ್ತ ಅಡಗಿದ್ದವರೂ ಬಂದರು. ನೋಡನೋಡುತ್ತ ಇಡೀ ಮಿಲ್ಲು ಬೇವಿನ ಮರದ ಕೆಳಗೆ ಸೇರಿ, ಸ್ಟ್ರೆಚರಿನ ಸುತ್ತ ನಿಂತು ಅಳತೊಡಗಿತು. ರಸ್ತೆಯಾಚೆ ಚಹಾದಂಗಡಿಯ ಚಂದ್ರಾಮಪ್ಪ ಸ್ಟೋವ್ ಆರಿಸಿ, ಮರ್ಯಾದೆಗೆಂದು ಅರ್ಧ ಬಾಗಿಲು ಹಾಕಿದ. ಸಾಹೇಬರು ಟೋಪಿ ತೆಗೆದರು.

ಸಂಗಣ್ಣ ಅವರ ಕಿವಿಯಲ್ಲಿ, "ಸತ್ತಿಲ್ರಿ ಸಾಹೇಬ್ರ. ಹೊಗಿ ಕುಡದಾಳ, ಅಷ್ಟೇರಿ," ಎಂದ.

"ಗೊತ್ತದ ಮಾರಾಯ," ಎಂದು ಸಾಹೇಬರು ಮೂಗು ಒರೆಸಿಕೊಂಡರು. "ಹಾಡಲಿ ಬಿಡು."

ಲಾಲಮ್ಮ ಈಗ ಸ್ಟ್ರೆಚರಿನ ಕೋಲು ಹಿಡಿದುಕೊಂಡಿದ್ದಳು. ರಾಗ ತಗ್ಗಿತು.

"ನಿಮ್ಮವ್ವ ಕರದಾಗ ಬರಲಾರದ ಪಾಪಿ ನಾ... ಬರಲಾಕ ಹೊಂಟಿದ್ದೆ ನನ ಗೆಳತಿ. ಅವತ್ತೇ ಕೆನಾಲಿಗಿ ನೀರು ಬಿಟ್ಟಿದ್ರು, ದಾಟೂ ಕಲ್ಲು ಮುಳಗಿದ್ವು... ಈ ದಂಡಿಗಿ ನಿಂತೇ ಅತ್ತೆ, ಆ ದಂಡಿಗಿ ನಿಮ್ಮವ್ವನ್ನ ಹೊತಗೊಂಡು ಹೊಂಟ್ರಿ... ನನ ಹಾಡು ನೀರು ನುಂಗಿತು, ನಿನ ಕಿವಿಗಿ ಬೀಳಲಿಲ್ಲ..."

ಮರಿಲಿಂಗಮ್ಮನಿಗೆ ಚಾದರದೊಳಗೆ ಆ ದಿನ ಕಣ್ಣೆದುರಿಗೆ ಬಂತು. ತವರೂರು ಕಾಲುವೆಯ ಆಚೆ. ಕಾಲುವೆ ಬರುವ ಮೊದಲು ಹೊಲಗಳ ನಡುವೆ ನೆಟ್ಟಗೆ ನಡೆದು ಹೋಗುತ್ತಿದ್ದರು. ಈಗ ನೀರು ಬಿಟ್ಟಾಗ ಸೇತುವೆಯವರೆಗೆ ಸುತ್ತು ಹಾಕಬೇಕು, ಅಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. ಅವತ್ತು ಕುಣಿಯ ಹತ್ತಿರ ನಿಂತಿದ್ದಾಗ ಕಾಲುವೆಯ ಕಡೆಯಿಂದ ಒಂದು ಉದ್ದನೆಯ ದನಿ ಬಂದಿತ್ತು. ಬಂದಿತ್ತು, ಖರೇ. ಅದನ್ನು ಕೇಳು ಎಂದು ತಾನೇ ಅಣ್ಣನಿಗೆ ಹೇಳಿದ್ದಳು.

ಮರಿಲಿಂಗಮ್ಮ ಹಮಾಲರ ಹೆಗಲ ಮೇಲೆ ಎದ್ದು ಕೂತಳು.

"ಅದು ನೀನೇನ? ನಾ ಯಾರೋ ಎಮ್ಮಿಗಿ ಕೂಗಿ ಕರೀಲಾಕತ್ತಾರ ಅಂತ ತಿಳದಿದ್ದೆ!"

ಹೆಣ ಕೂತದ್ದು ನೋಡಿ ಮುಂದಿನ ಹಮಾಲ ಕೈಬಿಟ್ಟ. ಮರಿಲಿಂಗಮ್ಮ ಚಾದರದ ಸಮೇತ ಜಾರಿ ಹತ್ತಿಕಾಳಿನ ರಾಶಿಯ ಮೇಲೆ ಬಿದ್ದಳು. ರಸ್ತೆಯಾಚೆ ಚಂದ್ರಾಮಪ್ಪ ಉಳಿದರ್ಧ ಬಾಗಿಲನ್ನೂ ಹಾಕಿಕೊಂಡ.

ಲಾಲಮ್ಮ ಕಣ್ಣೊರೆಸಿಕೊಂಡಳು. "ಎಮ್ಮಿ? ನನ್ನ ದನಿ ಎಮ್ಮಿ ಕರದಂಗ ಕೇಳತದ?"

"ನೀರಿನ ಸಪ್ಪಳದಾಗ ಹಂಗೇ ಕೇಳಿತ್ತು. ನಮ್ಮಣ್ಣಗ ಕೇಳು ಬೇಕಾದ್ರ. ಬಾಗಿಲಿಗಿ ಬಂದಾಗ ಹೇಳಬಾರದೇನ?"

"ನೀ ಗ್ವಾಡಿ ನೋಡಕೋತ ಕುಂತಿದ್ದಿ. ಗ್ವಾಡಿಗಿ ಹೇಳಲೇನ?"

"ಮದೀನಾಬೀಗರ ಹೇಳಬೇಕಿತ್ತು."

"ಸಾಕವ್ವ," ಎಂದಳು ಮದೀನಾಬೀ. "ಇನ್ನ ನೀವು ನೀವೇ ಮಾತಾಡಕೋರಿ. ನನ್ನ ಡ್ಯೂಟಿ ಮುಗೀತು."

ಸಾಹೇಬರು ಟೋಪಿ ಹಾಕಿಕೊಂಡು ಸಂಗಣ್ಣನನ್ನು ಕರೆದರು. ಜನ ಹೊರಗೆ ಬಂದು ಸೇರಿದ ರೀತಿ ಬಹಳ ಚೆನ್ನಾಗಿತ್ತು, ಇಷ್ಟು ಬೇಗ ಎಲ್ಲೂ ನೋಡಿಲ್ಲ ಎಂದರು. ಆದರೆ ಗಾಯಾಳು ಎದ್ದು ಜಗಳಕ್ಕೆ ನಿಂತದ್ದು ನಡೆಯುವುದಿಲ್ಲ, ಹೊರುವುದನ್ನು ಇನ್ನೊಮ್ಮೆ ಮಾಡಬೇಕು. ಊಟದ ಹೊತ್ತು ಮೀರಿತೆಂದು ಎಲ್ಲರೂ ಗೊಣಗಿದರು. ಸಂಗಣ್ಣ ಮರಿಲಿಂಗಮ್ಮನ ಮುಂದೆ ಕೈಮುಗಿದ. "ಅಕ್ಕ, ಇದೊಂದು ಸಲ. ಅಲಗಾಡಬ್ಯಾಡ."

ಮರಿಲಿಂಗಮ್ಮ ತಲೆಯೊಳಗಿನ ಹತ್ತಿಕಾಳು ಕೊಡವಿಕೊಂಡು ತಾನೇ ಹೋಗಿ ಸ್ಟ್ರೆಚರಿನ ಮೇಲೆ ಮಲಗಿದಳು. ಹಮಾಲರು ಎತ್ತಲು ಬಗ್ಗಿದರೆ ಕೈ ಅಡ್ಡ ಹಿಡಿದಳು. ಲಾಲಮ್ಮನನ್ನು ಹತ್ತಿರ ಕರೆದಳು.

"ಈ ಸಲ ನನಗ ಅಳಬ್ಯಾಡ. ನಮ್ಮವ್ವಗ ಅಳು. ಅವತ್ತು ದಂಡಿಗಿ ನಿಂತು ಹಾಡಿದ್ದಿಯಲ್ಲ, ಅದು. ಮೊದಲಿಂದ."

ಲಾಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ಉದ್ದ ಅದ ಅದು."

"ಸಂಗಣ್ಣ, ಟೆಂಪೋ ದೂರ ನಿಂದರಿಸು," ಎಂದಳು ಮರಿಲಿಂಗಮ್ಮ. ಮುಖದ ಮೇಲೆ ಚಾದರ ಎಳೆದುಕೊಳ್ಳುವ ಮೊದಲು ಲಾಲಮ್ಮನಿಗೆ ಮತ್ತೊಂದು ಮಾತು ಸೇರಿಸಿದಳು. "ಮತ್ತ ನಡುವ ರೊಟ್ಟಿ ಸುದ್ದಿ ತರಬ್ಯಾಡ."