ಐದು ಗಂಟೆಯ ರಾಕ್ಷಸ

“ಓಡು ಪುಟ್ಟೀ, ರಾಕ್ಷಸ ಏಳೋ ಹೊತ್ತಾಯ್ತು!”

ಹಾಲಿನ ಪೊಟ್ಟಣವನ್ನು ಎದೆಗವಚಿಕೊಂಡು, ಊರುಗೋಲನ್ನು ಟಕಟಕ ಕುಟ್ಟುತ್ತಾ ಅಜ್ಜಿ ಅಂಗಡಿಯ ಬಿಲ್ಲಿನ ಮೇಜಿನತ್ತ ಹೊರಟೇಬಿಟ್ಟಳು. ಮೊಮ್ಮಗಳು ಧಾವಿಸಿ ಅವಳ ತೋಳು ಹಿಡಿದಳು.

“ಅಜ್ಜೀ, ನಿಧಾನ! ಓಡ್ಬೇಕಾಗಿಲ್ಲ ಅಂತ ಬಾಗಿಲಲ್ಲೇ ಬೋರ್ಡು ಓದಿ ಹೇಳಲಿಲ್ವಾ?”

ಆ ಅಂಗಡಿಯ ಕಪಾಟುಗಳಲ್ಲಿ ಬೆಲೆ ತೋರಿಸುವುದು ಬೆರಳುದ್ದದ ಪರದೆಗಳು. ಸಂಜೆ ಐದಕ್ಕೆ, ಕೆಲಸ ಬಿಟ್ಟವರ ನೂಕುನುಗ್ಗಲು ಶುರುವಾಗುತ್ತಲೇ, ಎಲ್ಲವೂ ಒಮ್ಮೆ ಕಣ್ಣು ಮಿಟುಕಿಸಿ ಬೆಲೆ ಏರಿಸಿಕೊಳ್ಳುತ್ತಿದ್ದವು. ಕಪಾಟಿನಲ್ಲಿ ಕಂಡದ್ದಲ್ಲ, ಬಿಲ್ಲು ಹಾಕುವ ಗಳಿಗೆಯ ಬೆಲೆಯೇ ಬೆಲೆ. ಏನು ಕಂಡರೂ ಕತೆ ಕಟ್ಟುವ ಅಜ್ಜಿ ಇದಕ್ಕೂ ಒಬ್ಬ ರಾಕ್ಷಸನನ್ನು ಕಟ್ಟಿದ್ದಳು: ಐದಕ್ಕೆ ಏಳುತ್ತಾನೆ, ಎದ್ದವನಿಗೆ ವಿಪರೀತ ಹಸಿವು. ಕಳೆದ ಚಳಿಗಾಲದಲ್ಲಿ ಅವನಿಂದ ತಪ್ಪಿಸಿಕೊಳ್ಳಲು ಓಡಿ, ಇದೇ ನೆಲದ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಆಮೇಲೆ ಅಂಗಡಿಗೆ ಬಂದದ್ದು ಇವತ್ತೇ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ವೈದ್ಯರು ಹೇಳಿದ್ದು ಮೊಮ್ಮಗಳ ಕಿವಿಯಲ್ಲಿ ಇನ್ನೂ ಇತ್ತು.

“ಹೊಸ ಕಾನೂನು ಬಂದಿದೆ ಅಜ್ಜಿ. ಅಂಗಡಿ ತೆಗೆದಿರೋವಷ್ಟು ಹೊತ್ತೂ ಬೆಲೆ ಏರಿಸೋ ಹಾಗಿಲ್ಲ.”

“ಅದು ಬಾಗಿಲಲ್ಲಿ ನೇತಾಡ್ತಿದೆಯಲ್ಲ. ಒಳಗೆ ಯಾರೇ ಕರೀತಾರೆ ಅದನ್ನ?”

ಬಿಲ್ಲಿನ ಮೇಜಿನ ಹಿಂದಿದ್ದ ಹೆಂಗಸಿಗೆ ಅದು ಕೇಳಿಸಿ ನಗು ಬಂತು. “ಒಳಗೂ ಬಂದಿದೆ ಅಜ್ಜಿ! ಬಾಗಿಲು ಹಾಕೋ ಹೊತ್ತಿಗೆ ಬಂದ್ರೂ ಅದೇ ಬೆಲೆ. ನಂಗೂ ದಿನಾ ಬೈಸಿಕೊಳ್ಳೋದು ತಪ್ತು.”

ಅಜ್ಜಿ ನಂಬಲಿಲ್ಲ. ಹಾಲಿನ ಕಪಾಟಿನ ಮುಂದಕ್ಕೇ ವಾಪಸು ಹೋಗಿ, ಪರದೆಯನ್ನು ದುರುಗುಟ್ಟಿ ನೋಡುತ್ತಾ ನಿಂತಳು. ಗೋಡೆ ಗಡಿಯಾರದ ಮುಳ್ಳು ಐದಕ್ಕೆ ಬಂತು; ದಾಟಿತು. ಬಾಗಿಲಲ್ಲಿ ಜನ ನುಗ್ಗಿದರು. ಪರದೆ ಮಿಟುಕಲಿಲ್ಲ.

“ಯಾರೇ ಈ ಕಾನೂನು ಮಾಡಿದ್ದು?”

“ಯಾರಿಗ್ಗೊತ್ತು. ಶಾಸನಸಭೆಯಲ್ಲಿ ಕೂತು ಒಂದಷ್ಟು ಜನ ಕೈ ಎತ್ತಿರ್ತಾರೆ.”

“ಯಾವ ತಾಯಿ ಹೆತ್ತ ಮಕ್ಕಳೋ,” ಎಂದಳು ಅಜ್ಜಿ. “ಎತ್ತಿದ ಕೈ ನೋಯದಿರಲಿ. ಹೊಟ್ಟೆ ತಣ್ಣಗಿರಲಿ.”

ಆಮೇಲೆ ಮೂಗು ಒರೆಸಿಕೊಂಡಳು. “ನಡಿ, ಸೋಪು ನೋಡೋಣ. ಕೈಗೆ ಸಿಕ್ಕಿದ್ದನ್ನ ಎತ್ಕೊಂಡು ಓಡೀ ಓಡೀ, ನಂಗೆ ಯಾವ ವಾಸನೆ ಇಷ್ಟ ಅನ್ನೋದೇ ಮರ್ತುಹೋಗಿದೆ.”

ಸೋಪುಗಳ ಮುಂದೆ ಅವಳು ಊರುಗೋಲನ್ನು ಕಪಾಟಿನ ಅಂಚಿಗೆ ಸಿಕ್ಕಿಸಿದಳು. ಒಂದೊಂದನ್ನೇ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸತೊಡಗಿದಳು. ಜನ ಅವಳನ್ನು ಬಳಸಿಕೊಂಡು ಹೋದರು. ಊರುಗೋಲು ಸ್ವಲ್ಪ ಹೊತ್ತು ತೂಗಾಡಿ, ನಿಂತಿತು.