ಗುರುತಿಡದ ಜಾಗ

ಸೆಪ್ಟೆಂಬರ್‌ನ ಬಿಸಿಲು ಮೆತ್ತಗಾಗಿತ್ತು. ಕೊಯ್ದ ಹುಲ್ಲು ಒಣಗಿ ಸುಣ್ಣಕಲ್ಲಿನ ಇಳಿಜಾರಿನ ತುಂಬ ಹರಡಿತ್ತು. ಅಲ್ಲೇ ಬಿಟ್ಟರೆ ಅದು ಕೊಳೆತು ಮಣ್ಣು ಕೊಬ್ಬುತ್ತದೆ. ಒರಟು ಹುಲ್ಲು ಎದ್ದು ಸಣ್ಣ ಹೂಗಳನ್ನೆಲ್ಲ ನುಂಗುತ್ತದೆ. ಹಾಗಾಗಿ ಊರವರು ಮರದ ಹಲ್ಲಿನ ಗೋರೆ ಹಿಡಿದು ಹುಲ್ಲನ್ನು ಬಳಿದು, ತಾಡಪಾಲಿನ ಮೇಲೆ ಎಳೆದೊಯ್ದು, ಕೆಳಗಿನ ಮುಳ್ಳುಬೇಲಿಯ ಬುಡಕ್ಕೆ ಸುರಿಯುತ್ತಿದ್ದರು.

ರೊವೆನಾಳ ನಡಿಗೆ ನೋಡಿ ಬೆರಿಲ್‌ಳ ಗೋರೆ ನಿಂತಿತು. ಕಳೆದ ವಸಂತದಲ್ಲಷ್ಟೇ ಈ ಕೆಲಸಕ್ಕೆ ಸೇರಿದವಳು ರೊವೆನಾ. ನೆಟ್ಟಗೆ ಬಳಿಯುತ್ತ ಬರುತ್ತಿದ್ದವಳು ಇಳಿಜಾರಿನ ನಡುವೆ ಗೋರೆ ಎತ್ತಿಕೊಂಡು, ಸುತ್ತು ಬಳಸಿ ದಾಟಿ, ಆಚೆ ಮತ್ತೆ ನೆಲಕ್ಕಿಟ್ಟಳು.

ಅಲ್ಲಿ ಗೂಟವಿಲ್ಲ, ಕಲ್ಲಿಲ್ಲ. ಜೇನ್ನೊಣ ಕೂತಂತೆ ಕಾಣುವ ಸೀತಾಳೆ ಎಂಬ ಆರ್ಕಿಡ್ ಹೂ ಜೂನಿನಲ್ಲಿ ಅರಳುವ ಜಾಗ ಅದು. ಗುರುತಿಟ್ಟರೆ ಗಡ್ಡೆ ಕಿತ್ತು ಮಾರುವವರು ಬರುತ್ತಾರೆ; ಆದ್ದರಿಂದ ಕಂಡವರು ಬಾಯಿ ಬಿಡುವುದಿಲ್ಲ. ಮೊದಲು ಕಂಡವನು ಬೆರಿಲ್‌ಳ ಗಂಡ ಕ್ಲೈವ್. ಮದುವೆಗೆ ಮುಂಚೆ ಅವಳನ್ನು ಅಲ್ಲಿ ಮಂಡಿಯೂರಿಸಿ ತೋರಿಸಿದ್ದ. ತಮ್ಮಿಬ್ಬರಿಗಷ್ಟೇ ಗೊತ್ತೆಂದು ಅವಳು ಇಷ್ಟು ವರ್ಷ ನಂಬಿದ್ದಳು.

ಉಳಿದವರು ಚಹಾಕ್ಕೆ ಬೇಲಿಯ ನೆರಳಿಗೆ ಇಳಿದರು. ರೊವೆನಾಳ ಫ್ಲಾಸ್ಕಿನ ಚಹಾ ಕುಡಿದರೆ ಕುರಿಗಳಿಗೂ ನಿದ್ದೆ ಬಾರದೆಂದು ಕ್ಲೈವ್ ಕೆಳಗೆ ತಮಾಷೆ ಮಾಡುತ್ತಿದ್ದ, ಅವಳು ನಗುತ್ತಿದ್ದಳು. ಮನೆಯಲ್ಲಿ ಅವನು ಇಷ್ಟು ಮಾತಾಡಿ ಎಷ್ಟು ದಿನವಾಯಿತೆಂದು ಬೆರಿಲ್‌ಗೆ ನೆನಪಾಗಲಿಲ್ಲ. ಅವಳು ತುಂಬಿದ ತಾಡಪಾಲನ್ನು ಅದೇ ಜಾಗಕ್ಕೆ ಎಳೆದು ಸುರಿದಳು. ಇನ್ನೊಂದು ಹೊರೆ ತಂದು ಅದರ ಮೇಲೆಯೇ ಒಟ್ಟಿದಳು. ಚಳಿಗಾಲವೆಲ್ಲ ರಾಶಿ ಅಲ್ಲೇ ಕೂತರೆ ಅಡಿಯಲ್ಲಿ ಏನೂ ಉಳಿಯದೆಂದು ಅವಳಿಗೆ ಗೊತ್ತಿತ್ತು.

ರೊವೆನಾ ಲೋಟ ಕೆಳಗಿಟ್ಟು ಹತ್ತಿ ಬಂದಳು. ರಾಶಿ ನೋಡಿದಳು. ಮೆಲ್ಲಗೆ, "ಅಲ್ಲಿ ಬೇಡ, ಬೆರಿಲ್" ಎಂದಳು.

"ಯಾಕೆ, ಅಲ್ಲೇನಿದೆ? ನೀವೇ ಹೇಳಿ."

ಅಷ್ಟರಲ್ಲಿ ಕ್ಲೈವ್ ಏದುಸಿರು ಬಿಡುತ್ತ ಮೇಲೆ ಬಂದಿದ್ದ. "ಅವಳನ್ನ ಕೇಳ್ಬೇಡ. ತೋರಿಸ್ದವನು ನಾನು."

"ನಂಗೆ ತೋರಿಸ್ದ ಹಾಗೇನಾ? ಮಂಡಿಯೂರಿಸಿ?"

ಅವನು ಟೋಪಿ ತೆಗೆದು ಬೆವರು ಒರೆಸಿದ. "ಹೋದ್ ವರ್ಷ ಕರೆದೆ, ಈ ವರ್ಷಾನೂ ಕರೆದೆ. ನೀನು ನಾಳೆ ಅಂದೆ, ಆಮೇಲೆ ಅಂದೆ. ಹೂ ಕಾಯುತ್ತಾ, ಬೆರಿಲ್? ಒಬ್ಬನೇ ನೋಡಿ ನೋಡಿ ಸಾಕಾಗಿತ್ತು."

ಸೊಂಟದ ನೋವಿತ್ತು, ಅಕ್ಕನ ಕಾಯಿಲೆಯಿತ್ತು, ಚರ್ಚಿನ ಕೆಲಸವಿತ್ತು. ಅದೊಂದನ್ನೂ ಬೆರಿಲ್ ಹೇಳಲಿಲ್ಲ. ಬಗ್ಗಿ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಪಕ್ಕಕ್ಕೆ ಎಸೆಯತೊಡಗಿದಳು. ರೊವೆನಾ ಎದುರಿಗೆ ಕೂತು ಕೈಹಚ್ಚಿದಳು. ಹುಲ್ಲು ಸರಿದಂತೆ, ಆಗಷ್ಟೇ ಮೊಳೆತಿದ್ದ ಸೀತಾಳೆಯ ಹೊಸ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಪ್ಪಟೆಯಾಗಿ ಕಂಡವು.

"ಈ ಸಲ ಎಷ್ಟು ಅರಳಿದ್ವು?" ತಲೆಯೆತ್ತದೆ ಬೆರಿಲ್ ಕೇಳಿದಳು.

ಹೇಳುವ ಮೊದಲು ರೊವೆನಾ ಕ್ಲೈವ್‌ನ ಮುಖ ನೋಡಿದಳು. ಅವನು ಹೇಳು ಎಂಬಂತೆ ತಲೆಯಾಡಿಸಿದ.

ಬೆರಿಲ್ ಒಂದು ಎಲೆಗೆ ಅಂಟಿದ್ದ ಕಡ್ಡಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಅದು ಬಿಡುತ್ತಿರಲಿಲ್ಲ.